ಹಲಗೆ ಉಬ್ಬಿದೆ

ಮೊದಲೇ ಹೇಳಿಬಿಡುತ್ತೇನೆ, ನಾನು ಉಗ್ಗುತ್ತೇನೆ. ಕಾಗದದ ಮೇಲೆ ಅದು ಗೊತ್ತಾಗುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡಿದರೆ ಬೇಸರ ಮಾಡಿಕೊಳ್ಳಬೇಡಿ, ಐವತ್ತಾರು ವರ್ಷದಿಂದ ಗಂಟಲಲ್ಲಿ ಕೂತಿರುವುದು ಎಲ್ಲಾದರೂ ಹೊರಗೆ ಬರಬೇಕಲ್ಲ. ನನ್ನ ಹೆಸರು ಬೊಮ್ಮಯ್ಯ. ಎಷ್ಟು ಸಲೀಸಾಗಿ ಬರೆದೆ ನೋಡಿ! ಬಾಯಲ್ಲಿ ಹೇಳಲು ಹೋದರೆ ಆ 'ಬ' ತುಟಿಗೆ ಅಂಟಿಕೊಂಡು ಕೂತುಬಿಡುತ್ತದೆ. ಹೆಸರಿಟ್ಟ ನಮ್ಮಜ್ಜನಿಗೆ ಬೇರೆ ಅಕ್ಷರ ಸಿಗಲಿಲ್ಲವೇ ಎಂದು ಈಗಲೂ ಸಿಟ್ಟು ಬರುತ್ತದೆ. ಕಸುಬು ಬೋರ್ಡು ಬರೆಯುವುದು. ಊರಿನ ಅರ್ಧ ಅಂಗಡಿಗಳ ನೆತ್ತಿಯ ಮೇಲೆ ಇರುವುದು ನನ್ನ ಅಕ್ಷರವೇ. ಆದರೆ ಮೂವತ್ತು ವರ್ಷದಲ್ಲಿ 'ಅಪ್ಪಣೆಯಿಲ್ಲದೆ ಒಳಗೆ ಬರಬಾರದು' ಎಂಬ ಬೋರ್ಡನ್ನು ಒಂದೇ ಒಂದು ಬರೆದಿಲ್ಲ. ನಮ್ಮೂರಲ್ಲಿ ಅದನ್ನು ಯಾರೂ ಬರೆಸುವುದಿಲ್ಲ. ಬಾಗಿಲೇ ಆ ಕೆಲಸ ನೋಡಿಕೊಳ್ಳುತ್ತದೆ.

ಇಲ್ಲಿ ಬಾಗಿಲಿಗೆ ಚಿಲಕ, ಅಗಳಿ, ಬೀಗ ಯಾವುದೂ ಇಲ್ಲ. ನೀವು ಹೊರಗಿನಿಂದ ತಳ್ಳಿದಾಗ ಒಳಗಿರುವವರೆಲ್ಲರಿಗೂ ನೀವು ಬೇಕಾಗಿದ್ದರೆ ಅದು ತೆರೆಯುತ್ತದೆ. ಒಬ್ಬರಿಗೆ ಬೇಡವಾಗಿದ್ದರೂ ಬಿಗಿದುಕೊಳ್ಳುತ್ತದೆ, ಆಮೇಲೆ ಆನೆ ಬಂದು ಗುದ್ದಿದರೂ ಅಲ್ಲಾಡುವುದಿಲ್ಲ. ಒಳಗಿನಿಂದ ಹೊರಗೆ ಹೋಗುವುದಕ್ಕೆ ತಕರಾರಿಲ್ಲ. ಬಾಗಿಲು ಬಿಗಿದಾಗ ಹೊರಗಿನವರು ಒಂದು ಮಾತು ಹೇಳಿ ಹೊರಡಬೇಕು: "ಹಲಗೆ ಉಬ್ಬಿದೆ." ಮಳೆಗಾಲದಲ್ಲಿ ನೀರು ಕುಡಿದು ಮರ ಉಬ್ಬುತ್ತದಲ್ಲ, ಹಾಗೆ. ಹಲಗೆ ಬಿರುಕು ಬಿಡುವ ನಡುಬೇಸಿಗೆಯಲ್ಲೂ ಇದೇ ಮಾತು. ಒಳಗಿನವರು "ಹೌದು, ಉಬ್ಬಿದೆ, ಇನ್ನೊಂದಿನ ಬನ್ನಿ" ಅನ್ನಬೇಕು. ಯಾರಿಂದ ಬಿಗಿಯಿತು ಎಂದು ಒಳಗಿನವರು ಕೇಳಬಾರದು, ಹೊರಗಿನವರು ಊಹಿಸಬಾರದು. ಮಾರನೆಯ ದಿನ ಸಂತೆಯಲ್ಲಿ ಸಿಕ್ಕರೆ ಎಂದಿನಂತೆ ನಗಬೇಕು. ಅತ್ತೆ ಸೊಸೆಗೆ ಜಗಳವಾದ ದಿನ ಅತ್ತೆ ಜಗಲಿಯಲ್ಲೇ ಕೂತು ಸೊಪ್ಪು ಸೋಸುತ್ತಾಳೆ, ಯಾರಾದರೂ ಕೇಳಿದರೆ "ಹಲಗೆ ಉಬ್ಬಿದೆ ಕಣವ್ವ" ಅನ್ನುತ್ತಾಳೆ, ಕೇಳಿದವಳು ತಾನೂ ಕೂತು ಎರಡು ಕಟ್ಟು ಸೋಸಿಕೊಡುತ್ತಾಳೆ. ಮದುವೆ ಛತ್ರಕ್ಕೆ ಮಾತ್ರ ನಾವು ಬಾಗಿಲೇ ಇಟ್ಟಿಲ್ಲ. ಐನೂರು ಜನ ಸೇರಿದ ಕಡೆ ಬಾಗಿಲಿದ್ದರೆ ಮದುಮಗನೂ ಒಳಗೆ ಹೋಗಲಾರ.

ನಾನು ಹೇಳಹೊರಟಿದ್ದು ನಮ್ಮ ಮಂಗಳವಾರದ ಬಗ್ಗೆ. ಅಚ್ಚಮ್ಮ ಅಂತ ಒಬ್ಬರಿದ್ದಾರೆ, ಎಪ್ಪತ್ತು ದಾಟಿದವರು. ಎಣ್ಣೆ ಗಾಣದ ಹಿಂದೆ ಅವರದೊಂದು ಹಳೆಯ ಗೋದಾಮಿದೆ, ಗಂಡ ಗೋಣಿಚೀಲದ ವ್ಯಾಪಾರ ಮಾಡುತ್ತಿದ್ದ ಕಾಲದ್ದು. ಗಂಡ ತೀರಿಕೊಂಡ ಮೇಲೆ, ಇಪ್ಪತ್ತೆರಡು ವರ್ಷದ ಹಿಂದೆ, ಅದನ್ನು ಗುಡಿಸಿ ಚಾಪೆ ಹಾಸಿ, ತಮ್ಮ ಹಾಗೇ ಉಗ್ಗುವ ಊರಿನವರೆಲ್ಲ ಮಂಗಳವಾರ ನಾಲ್ಕು ಗಂಟೆಗೆ ಬನ್ನಿ ಅಂತ ಹೇಳಿಕಳಿಸಿದರು. ಬಂದವರು ನಾಲ್ಕು ಜನ. ಚಾಕು ಕತ್ತರಿಗಳಿಗೆ ಸಾಣೆ ಹಿಡಿಯುವ ಖಾದರ್, ಗ್ರಂಥಾಲಯದಲ್ಲಿ ಪುಸ್ತಕ ಎತ್ತಿಕೊಡುವ ಸುಲೋಚನಾ, ದರ್ಜಿ ತಿಮ್ಮರಸ, ನಾನು. ನಡುವೆ ಒಂದು ಹಿತ್ತಾಳೆ ಚೊಂಬು. ಚೊಂಬು ಯಾರ ಕೈಯಲ್ಲಿದೆಯೋ ಮಾತು ಅವರದು. ಅದನ್ನು ಕೆಳಗಿಡುವವರೆಗೆ ಉಳಿದವರು ಬಾಯಿ ಬಿಡುವ ಹಾಗಿಲ್ಲ, ಅವರಿಗೆ ಬಾರದ ಪದವನ್ನು ಎತ್ತಿಕೊಡುವ ಹಾಗಂತೂ ಇಲ್ಲವೇ ಇಲ್ಲ. ನಮ್ಮ ಸಂಘಕ್ಕೆ ಇದ್ದದ್ದು ಇದೊಂದೇ ಕಟ್ಟಳೆ. ನಿಮಗೆ ಸಣ್ಣ ವಿಷಯ ಅನ್ನಿಸಬಹುದು. ನಾನು ಅಂಗಡಿಗೆ ಹೋಗಿ "ಬ... ಬ..." ಅಂದರೆ "ಬೆಲ್ಲ ತಾನೆ?" ಎಂದು ಕಟ್ಟಿಕೊಡುತ್ತಾರೆ. ನನಗೆ ಬೇಕಾಗಿದ್ದು ಬೇಳೆ. ಬೇಡದ ಬೆಲ್ಲ ಹೊತ್ತುಕೊಂಡು ಬಂದು ಹೆಂಡತಿಯ ಕೈಲಿ ಎಷ್ಟು ಸಲ ಬೈಸಿಕೊಂಡಿದ್ದೇನೋ ಲೆಕ್ಕವಿಲ್ಲ. ಊರಿಗೆ ಊರೇ ನಮ್ಮ ಬಾಯಿಗೆ ಕೈ ಹಾಕಿ ಪದ ಕೀಳುವಾಗ, ಕಾಯುವವರು ನಾಲ್ಕು ಜನ ಒಂದೇ ಕೋಣೆಯಲ್ಲಿ ಸಿಕ್ಕರೆ ಹೇಗಿರುತ್ತದೆ! ಮೊದಲ ಮಂಗಳವಾರ ನಾನು ನನ್ನ ಹೆಸರು ಪೂರ್ತಿ ಹೇಳಿ ಮುಗಿಸಿದಾಗ ಚಹಾ ಆರಿ ತಣ್ಣಗಾಗಿತ್ತು. ಯಾರೂ ಅಲ್ಲಾಡಿರಲಿಲ್ಲ. ಮನೆಗೆ ಹೋಗುವಾಗ ದಾರಿಯಲ್ಲಿ ಅತ್ತುಬಿಟ್ಟೆ.

ತಿಮ್ಮರಸನ ಮಾತು ಬೇರೆ. ನಾವಿಬ್ಬರೂ ಶಾಲೆಯಿಂದ ಜೊತೆ. ಅವನಿಗೆ 'ತ' ಬರುತ್ತಿರಲಿಲ್ಲ, ನನಗೆ 'ಬ'. ಅವನ ಹೆಸರು ಅವನಿಗೆ ಬಾರದು, ನನ್ನ ಹೆಸರು ನನಗೆ ಬಾರದು. ಆದರೆ ನನ್ನ ಬಾಯಲ್ಲಿ ತಿಮ್ಮ ಸರಾಗ, ಅವನ ಬಾಯಲ್ಲಿ ಬೊಮ್ಮ ಸರಾಗ. ಒಂದನೆಯ ಕ್ಲಾಸಿನಲ್ಲಿ ಮೇಷ್ಟ್ರು ಹೆಸರು ಕೇಳಿದಾಗ ನಾನು ಅವನದು ಹೇಳಿದೆ, ಅವನು ನನ್ನದು ಹೇಳಿದ. ಆ ಏರ್ಪಾಡು ನಲವತ್ತೊಂಬತ್ತು ವರ್ಷ ನಡೆಯಿತು. ಆಸ್ಪತ್ರೆಗೆ, ಪಂಚಾಯತಿಗೆ, ರೇಷನ್ ಅಂಗಡಿಗೆ, ಹೆಸರು ಕೇಳುವ ಕಡೆಗೆಲ್ಲ ಇಬ್ಬರೂ ಒಟ್ಟಿಗೇ ಹೋಗುತ್ತಿದ್ದೆವು. ನನ್ನ ಮದುವೆಯಲ್ಲಿ ಶಾಸ್ತ್ರಕ್ಕೆ ಹೆಸರು ಹೇಳು ಅಂದಾಗ ಹಿಂದಿನಿಂದ ಅವನೇ ಕೂಗಿದ್ದ. ನನ್ನ ಹೆಂಡತಿ ಈಗಲೂ ತಮಾಷೆ ಮಾಡುತ್ತಾಳೆ, ನಾನು ಕಟ್ಟಿಕೊಂಡಿದ್ದು ನಿಮ್ಮನ್ನೋ ಆ ದರ್ಜಿಯನ್ನೋ ಅಂತ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ತಿಮ್ಮನಿಗೆ ಮೂರು ದಿನ ಜ್ವರ ಬಂತು. ನಾಲ್ಕನೆಯ ದಿನ ಬೆಳಿಗ್ಗೆ ಎದ್ದವನು ಹೆಂಡತಿಗೆ, "ತೆಳ್ಳಗೆ ತಿಳಿಸಾರು ಮಾಡ್ಕೊಡೆ, ತಣ್ಣಗಾದ್ರೂ ತೊಂದ್ರೆ ಇಲ್ಲ" ಅಂದನಂತೆ. ನಾಲ್ಕು 'ತ', ಒಂದಕ್ಕೂ ಎಡವಲಿಲ್ಲ. ಅವಳು ಕೈಲಿದ್ದ ಸೌಟು ಬಿಟ್ಟಳಂತೆ. ಅವನು ಸಾರಿಗೂ ಕಾಯದೆ ಪಂಚೆ ಸುತ್ತಿಕೊಂಡು ನನ್ನ ಅಂಗಡಿಗೆ ಓಡಿಬಂದ. "ಬೊಮ್ಮ, ಕೇಳಿಲ್ಲಿ. ತಿಮ್ಮರಸ. ನನ್ನ ಹೆಸರು ತಿಮ್ಮರಸ. ತಿಮ್ಮರಸ!" ನಾನು ಬಣ್ಣದ ಕೈಯಲ್ಲೇ ಅವನನ್ನು ತಬ್ಬಿಕೊಂಡೆ. ಖುಷಿಯಾಯಿತು, ಸುಳ್ಳಲ್ಲ. ಅದರ ಜೊತೆಗೇ ಹೊಟ್ಟೆಯಲ್ಲಿ ಏನೋ ಕಳಕ್ಕೆಂದಿತು. ಬೆಳಿಗ್ಗೆಯಿಂದ ತಿಂಡಿ ತಿಂದಿರಲಿಲ್ಲ, ಹಸಿವಿರಬೇಕು ಅಂದುಕೊಂಡೆ.

ಆ ಮಂಗಳವಾರ ಅವನು ಎಲ್ಲರಿಗಿಂತ ಮೊದಲೇ ಹೋಗಿ ಅಚ್ಚಮ್ಮನ ಜೊತೆ ಕೂತಿದ್ದ. ಎಲ್ಲರಿಗೂ ಸಡಗರ. ಅಚ್ಚಮ್ಮ ಕೇಸರಿಬಾತು ಮಾಡಿಸಿದ್ದರು. ತಿಮ್ಮ ಚೊಂಬು ಹಿಡಿದು ಅರ್ಧ ಗಂಟೆ ಮಾತಾಡಿದ, ನಾವು ಬಾಯಿ ಕಳೆದುಕೊಂಡು ಕೇಳಿದೆವು. ಆಮೇಲೆ ಖಾದರ್ ಚೊಂಬು ತಗೊಂಡ. ಅವನಿಗೆ 'ಮ' ಕಷ್ಟ. ದೂರದ ಊರಲ್ಲಿದ್ದ ಅವನ ಮಗಳು ತುಂಬು ಬಸುರಿ ಎಂದು ನಮಗೆಲ್ಲ ಗೊತ್ತಿತ್ತು. "ಮ... ಮಗಳದ್ದು..." ಅಂದ, ಉಸಿರು ಎಳೆದುಕೊಂಡ, "ಮ... ಮ..." ಅಲ್ಲಿಗೆ ನಿಂತ. ನಾವು ಎಂದಿನಂತೆ ನೆಲ ನೋಡುತ್ತಾ ಕಾಯುತ್ತಿದ್ದೆವು. ಆಗ ತಿಮ್ಮ, "ಮಗು ಆಯ್ತಾ! ಗಂಡೋ ಹೆಣ್ಣೋ ಖಾದರ್ ಭಾಯ್?" ಅಂದುಬಿಟ್ಟ. ಮುಖ ಅರಳಿತ್ತು ಪಾಪ. ಖಾದರ್ ಅವನನ್ನು ನೋಡಿದ. ಚೊಂಬು ಕೆಳಗಿಟ್ಟ. ಎದ್ದು ಹೋದ.

ಪದ ಅದೇ ಆಗಿತ್ತು. ಮಗು ಉಳಿಯಲಿಲ್ಲ ಅನ್ನುವುದು ವಾಕ್ಯ. ಮೂರು ದಿನದಿಂದ ಅದನ್ನು ಎಲ್ಲೂ ಹೇಳಲಾರದೆ, ಮಂಗಳವಾರ ಹೇಳಿದರಾಯಿತು ಎಂದು ಹೊತ್ತುಕೊಂಡು ಬಂದಿದ್ದನಂತೆ. ನಮಗಿದು ಗೊತ್ತಾಗಿದ್ದು ಮರುದಿನ. ತಿಮ್ಮ ಅವನ ಮನೆಗೆ ಹೋಗಿ ಕಾಲು ಹಿಡಿಯಲು ಬಗ್ಗಿದ, ಖಾದರ್ ಹಿಡಿಯಲು ಬಿಡಲಿಲ್ಲ, ಚಹಾ ಕೊಟ್ಟು ಕಳಿಸಿದ.

ಮುಂದಿನ ಮಂಗಳವಾರ ನಾವು ನಾಲ್ವರು ಒಳಗಿದ್ದಾಗ ತಿಮ್ಮ ಬಂದು ಬಾಗಿಲು ತಳ್ಳಿದ. ತೆರೆಯಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಆ ಬಾಗಿಲು ನಮ್ಮ ಯಾರಿಗೂ ಬಿಗಿದಿರಲಿಲ್ಲ. ಹೊರಗಿನಿಂದ ಅವನ ಹೊಸ ದನಿ, "ಹಲಗೆ ಉಬ್ಬಿದೆ ಅಂತ ಕಾಣತ್ತೆ" ಅಂದಿತು. "ಹೌದಪ್ಪ, ಉಬ್ಬಿದೆ" ಅಂದರು ಅಚ್ಚಮ್ಮ. ನಾವು ಒಬ್ಬರ ಮುಖ ಒಬ್ಬರು ನೋಡದೆ ಚಹಾ ಕುಡಿದೆವು. ನಾನು ಮನಸ್ಸಿನಲ್ಲೇ ಖಾದರ್ ಅಂದುಕೊಂಡೆ. ಅವನಿಗೆ ಇನ್ನೂ ಹಸಿ ನೋವು, ಅವನ ತಪ್ಪೇನಿದೆ ಅಂದುಕೊಂಡೆ. ಅದರ ಮುಂದಿನ ವಾರವೂ ಬಾಗಿಲು ತೆರೆಯಲಿಲ್ಲ. ಬೇಗ ಬಂದು ಅಚ್ಚಮ್ಮ ಒಬ್ಬರೇ ಇದ್ದಾಗ ಒಳಗೆ ಸೇರಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಮ್ಮೆ ಬಿಗಿದ ಬಾಗಿಲಿಗೆ ಹಾಗೆ ನುಸುಳುವುದು ನಮ್ಮಲ್ಲಿ ಕಳ್ಳತನಕ್ಕಿಂತ ಕೀಳು. ತಿಮ್ಮ ಅಂಥವನಲ್ಲ.

ಅದರ ಮುಂದಿನ ವಾರ ಅವನು ಇನ್ನೊಂದು ಮಾಡಿದ. ಬಾಗಿಲು ತಳ್ಳಿದ, ತೆರೆಯಲಿಲ್ಲ. ಹೊರಗಿನಿಂದ ಕೂಗಿದ: "ಬ... ಬ... ಬೊ... ಬೊಮ್ಮ!"

ಒಳಗೆ ನಾಲ್ವರೂ ಕಲ್ಲಾದೆವು. ಅಚ್ಚಮ್ಮನ ಲೋಟದ ಚಹಾ ಸೀರೆಗೆ ಚೆಲ್ಲಿತು. ಚಿಕ್ಕಂದಿನಲ್ಲಿ ಓಣಿಯ ಹುಡುಗರೆಲ್ಲ ಹಿಂದೆ ಬಿದ್ದು ಹೀಗೇ ಕೂಗುತ್ತಿದ್ದರು, ನಮ್ಮ ನಾಲ್ವರ ಹಿಂದೆಯೂ, ಅವನ ಹಿಂದೆಯೂ. ನನ್ನ ಕಿವಿ ಸುಟ್ಟಹಾಗಾಯಿತು. 'ತ' ಹಿಡಿದು ಉಗ್ಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ನನ್ನ ಹೆಸರು! ನಲವತ್ತೊಂಬತ್ತು ವರ್ಷ ಒಂದು ಸಲವೂ ಎಡವದೆ ನನ್ನ ಪರವಾಗಿ ಹೇಳಿದ ಹೆಸರನ್ನು ಇವತ್ತು ನನ್ನ ಹಾಗೇ ಮುರಿದು ಬಾಗಿಲ ಮುಂದೆ ಎಸೆದಿದ್ದ. ಅವನು ಹಲಗೆಯ ಮಾತನ್ನೂ ಹೇಳದೆ ಹೋದ.

ಆವತ್ತು ಆದ ಚರ್ಚೆಯನ್ನು ಇಲ್ಲಿ ಬರೆಯಬೇಕು. ಎಲ್ಲರೂ ಉಗ್ಗಿದ ಹಾಗೇ ಬರೆದರೆ ನೀವು ಓದುವುದಿಲ್ಲ, ಅದಕ್ಕೆ ನೇರವಾಗಿ ಬರೆಯುತ್ತೇನೆ. ಒಂದೊಂದು ವಾಕ್ಯದ ನಡುವೆಯೂ ಒಂದು ಲೋಟ ಚಹಾ ಆರುವಷ್ಟು ಹೊತ್ತನ್ನು ನೀವೇ ಸೇರಿಸಿಕೊಳ್ಳಿ. ಅಚ್ಚಮ್ಮ ಚೊಂಬು ಎತ್ತಿಕೊಂಡು, "ಬೊಮ್ಮಣ್ಣ, ಒಂದು ಬೋರ್ಡು ಬರ್ಕೊಡು. 'ಉಗ್ಗುವವರಿಗೆ ಮಾತ್ರ.' ಬಾಗಿಲಿಗೆ ಹಾಕೋಣ. ಮಾತು ಬರೋರಿಗೆ ಊರೆಲ್ಲ ಇದೆ, ಸಂತೆ ಇದೆ, ಸಭೆ ಇದೆ. ನಮಗಿರೋದು ಈ ಗೋಣಿಚೀಲದ ಗೋದಾಮು ಒಂದೇ. ಇದನ್ನೂ ಅವರಿಗೇ ಕೊಟ್ಟು ನಾವೆಲ್ಲಿ ಹೋಗೋಣ?" ಅಂದರು. ನನಗೆ ಹೌದೆನ್ನಿಸಿತು. ಖಾದರ್, "ನನಗೆ ಅವನ ಮೇಲೆ ಸಿಟ್ಟಿಲ್ಲ. ಒಳ್ಳೆಯವನು, ಅದೇ ತೊಂದರೆ. ಎದುರಿಗೆ ಕೂತಿದ್ದರೆ ಅವನ ನಾಲಿಗೆ ಮೇಲೆ ನನ್ನ ಪದ ರೆಡಿಯಾಗಿರೋದು ನನಗೆ ಕಾಣ್ತದೆ. ಆಗ ನನ್ನ ಬಾಯಿ ಕಟ್ಟತದೆ" ಅಂದ. ಅದೂ ಹೌದೆನ್ನಿಸಿತು.

ಸುಲೋಚನಾ ಚೊಂಬನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ, "ನಾಳೆ ನನಗೂ ಜ್ವರ ಬಂದು ಬಿಟ್ಟರೆ?" ಅಂದಳು. "ನಾನು ದಿನಾ ಬೆಳಿಗ್ಗೆ ಪುಸ್ತಕದ ಕಪಾಟಿನ ಮುಂದೆ ನಿಂತು ಗಟ್ಟಿಯಾಗಿ ಓದ್ತೀನಿ, ನಿಮಗೆ ಹೇಳಿಲ್ಲ. ಸ್ವಲ್ಪ ಸುಧಾರಿಸಿದೆ. ಆ ಬೋರ್ಡು ಹಾಕಿದ ದಿನದಿಂದ ನಾನು ಓದೋದು ನಿಲ್ಲಿಸಬೇಕಾ ಅಣ್ಣ? ಇಲ್ಲಿ ಇರಬೇಕಾದರೆ ನಾವು ವಾಸಿ ಆಗಬಾರದು ಅಂತಲಾ?" ಅದಂತೂ ಎದೆಗೆ ನಾಟಿತು. ಮೂರೂ ಹೌದೆನ್ನಿಸಿದರೆ ಮನುಷ್ಯ ಏನು ಮಾಡಬೇಕು! ನನ್ನ ಸರದಿ ಬಂದಾಗ ಚೊಂಬು ಹಿಡಿದು ಕೂತೆ, ಏನೂ ಹೊರಡಲಿಲ್ಲ. ಉಗ್ಗಿನಿಂದ ಅಲ್ಲ. ಹೇಳಲು ಏನೂ ಇರಲಿಲ್ಲ. ಬೋರ್ಡು ಬರೆದುಕೊಡುತ್ತೇನೆ ಎಂದು ತಲೆಯಾಡಿಸಿ ಬಂದೆ.

ಎರಡಡಿ ಹಲಗೆಗೆ ಬಿಳಿ ಬಣ್ಣ ಬಳಿದೆ. ಒಣಗಿತು. ಸೀಸದ ಕಡ್ಡಿಯಲ್ಲಿ ಗೆರೆ ಹಾಕಿದೆ. ಅಲ್ಲಿಗೆ ಕೈ ನಿಂತಿತು. ನಮ್ಮೂರಲ್ಲಿ ಯಾರೂ ಯಾರಿಗೂ ಬರಬೇಡ ಅಂತ ಅಕ್ಷರದಲ್ಲಿ ಹೇಳಿದ್ದಿಲ್ಲ. ಹಲಗೆಯ ಮೇಲೆ ಹೊರಿಸಿ ನಗುನಗುತ್ತಾ ಹೊರಗಿಟ್ಟಿದ್ದೇವೆ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿತು. ಕುಂಚ ಬಿಸಾಡಿ ಸೀದಾ ತಿಮ್ಮನ ಅಂಗಡಿಗೆ ಹೋದೆ, ಬೈಯುವುದಕ್ಕೆ.

ಅವನು ಯಾರದೋ ಅಂಗಿಗೆ ಕಾಜಾ ಹೊಲಿಯುತ್ತಿದ್ದ. ಬಾಯಲ್ಲಿ ಎರಡು ಗುಂಡಿ ಕಚ್ಚಿಕೊಂಡಿದ್ದ. ನಾನು ಬಾಗಿಲಲ್ಲೇ ನಿಂತು, "ನನ್ನನ್ನ ಅಣಕಿಸ್ತೀಯೇನೋ?" ಅಂದೆ. ಸಿಟ್ಟಿಗೆ ಆ ವಾಕ್ಯ ಸರಾಗ ಬಂತು. ಅವನು ಗುಂಡಿ ಉಗುಳಿದ.

"ಇಲ್ಲ ಕಣೋ ಬೊಮ್ಮ. ದೇವರಾಣೆ ಇಲ್ಲ. ಉಗ್ಗಿದ್ರೆ ಬಾಗಿಲು ತೆಗೆಯತ್ತೇನೋ ಅನ್ಕೊಂಡೆ. ಆದ್ರೆ ನನ್ನ ಉಗ್ಗು ನನಗೆ ನೆನಪಿಗೇ ಬರ್ತಿಲ್ಲ. ಹೇಗೆ ಆಡ್ತಿದ್ದೆ, ಎಲ್ಲಿ ನಿಲ್ತಿದ್ದೆ, ಒಂದೂ ನೆನಪಿಲ್ಲ. ಕಿವೀಲಿ ಇರೋದು ನಿಂದೊಂದೇ. ಅದನ್ನೇ ಆಡ್ದೆ."

ನಾನು ಕುರ್ಚಿ ಎಳೆದುಕೊಂಡು ಕೂತೆ. ಅವನೇ ಮುಂದುವರಿಸಿದ. "ಊರೆಲ್ಲ ಈಗ ನನ್ನ ಜೊತೆ ಮಾತಾಡುತ್ತೆ. ಯಾರೂ ಕಾಯಲ್ಲ ಕಣೋ. ನಾನು ಉಸಿರು ತಗೊಳ್ಳೋದ್ರೊಳಗೆ ಅವರದು ಶುರು. ಅದೇ ಚಾಳಿ ನನಗೂ ಹತ್ತಿಬಿಟ್ಟಿದೆ, ಮೂರೇ ದಿನದಲ್ಲಿ! ಖಾದರ್ ಭಾಯ್‌ಗೆ ನಾನು ಮಾಡಿದ್ದು ನೆನೆಸ್ಕೊಂಡ್ರೆ ನಾಲಿಗೆ ಕಿತ್ಕೋಬೇಕು ಅನ್ಸತ್ತೆ. ಮಂಗಳವಾರ ನಾಲ್ಕು ಗಂಟೆಗೆ ಅಂಗಡಿ ಮುಚ್ತೀನಿ, ಎಲ್ಲಿಗೆ ಹೋಗ್ಲಿ ಗೊತ್ತಾಗಲ್ಲ. ಗಾಣದ ಹತ್ರ ಬಂದು ಎತ್ತು ಸುತ್ತೋದು ನೋಡ್ತಾ ನಿಂತು ವಾಪಸ್ ಬರ್ತೀನಿ. ಇಪ್ಪತ್ತೆರಡು ವರ್ಷ ಬೊಮ್ಮ. ನಾನು ಉಗ್ಗೋದಕ್ಕೆ ಬರ್ತಿದ್ನಾ ಅಲ್ಲಿಗೆ? ನಿಮ್ಮನ್ನ ನೋಡೋದಕ್ಕೆ ಬರ್ತಿದ್ದೆ." ಕಣ್ಣಲ್ಲಿ ನೀರು ಬಂತು ಅವನಿಗೆ. ನನಗೂ ಬಂತು. "ಬರೋ ಮಂಗಳವಾರ ಒಂದೇ. ಅವತ್ತೂ ಬಿಗಿದ್ರೆ ಇನ್ನು ಬರಲ್ಲ. ಅಚ್ಚಮ್ಮಂಗೆ ಪ್ರತಿ ವಾರ ಸುಳ್ಳು ಹೇಳಿಸೋದು ನನಗೂ ಕಷ್ಟ."

ಅಲ್ಲಿಂದ ಎದ್ದಾಗ ನನಗೆ ಯಾರ ಮೇಲೋ ವಿಪರೀತ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ, ಪತ್ತೆ ಮಾಡಬೇಕು ಅನ್ನಿಸಿತು. ಮಂಗಳವಾರ ಒಳಗೆ ಹೋದವನೇ ಚೊಂಬು ಎತ್ತಿದೆ. "ನಮ್ಮಲ್ಲಿ ಯಾರಿಗೆ ಅವನು ಬೇಡ? ನನಗಂತೂ ಬೇಕು. ನಾನು ಅವನ ಜೀವದ ಗೆಳೆಯ. ಒಬ್ಬೊಬ್ಬರಾಗಿ ಒಳಗೆ ಕೂರೋಣ, ಉಳಿದವರು ಹೊರಗಿರಲಿ. ಅವನು ತಳ್ಳಲಿ. ಗೊತ್ತಾಗುತ್ತೆ." ಇಷ್ಟು ಹೇಳಲು ಎಷ್ಟು ಹೊತ್ತು ಹಿಡಿಯಿತೋ! ಯಾರಿಂದ ಬಿಗಿಯಿತು ಎಂದು ಕೇಳುವುದು ನಮ್ಮೂರಲ್ಲಿ ಬೀದಿಯಲ್ಲಿ ಬಟ್ಟೆ ಬಿಚ್ಚಿದಷ್ಟು ಅಸಹ್ಯ. ಅಚ್ಚಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು, "ಇಂಥದ್ದು ಯಾರಾದ್ರೂ ಮಾಡಿದಾರೇನಪ್ಪ ಈ ಊರಲ್ಲಿ?" ಅಂದರು. "ಉಗ್ಗುವವರ ಸಂಘ ಯಾರಾದ್ರೂ ಮಾಡಿದ್ರಾ ನಿಮಗಿಂತ ಮುಂಚೆ?" ಅಂದೆ. ಅವರು ಸೆರಗು ಸರಿಮಾಡಿಕೊಂಡು ಎದ್ದರು.

ತಿಮ್ಮ ಬಂದ. ಅವನಿಗೆ ವಿಷಯ ಹೇಳಿದಾಗ ಬೇಡ ಬೇಡ ಎಂದ, ನಾನು ಬಿಡಲಿಲ್ಲ. ಮೊದಲು ಖಾದರ್ ಒಬ್ಬನೇ ಒಳಗೆ ಹೋಗಿ ಕೂತ. ಅವನೇ ಎಂದು ನನಗೆ ಒಳಗೊಳಗೇ ಖಾತ್ರಿಯಿತ್ತು. ತಿಮ್ಮ ಕಣ್ಣು ಮುಚ್ಚಿ ತಳ್ಳಿದ. ಬಾಗಿಲು ಕಿರ್ ಎಂದು ಪೂರ್ತಿ ತೆರೆಯಿತು. ಖಾದರ್ ಚಾಪೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದ. ಅವನಿಗೇ ಆಶ್ಚರ್ಯವಾದಂತಿತ್ತು. ಹಾಗಾದರೆ ಬೋರ್ಡು ಕೇಳಿದ ಅಚ್ಚಮ್ಮ. ಅವರು ಕೂತರು, ತಿಮ್ಮ ತಳ್ಳಿದ, ತೆರೆಯಿತು. ಸುಲೋಚನಾ ಕೂತಳು, ಅದೂ ತೆರೆಯಿತು. ನನ್ನ ತಲೆ ಕೆಟ್ಟುಹೋಯಿತು. ಬಾಗಿಲಿಗೇ ಬುದ್ಧಿ ಸರಿಯಿಲ್ಲ ಅಂದುಕೊಂಡೆ. ಎಲ್ಲರೂ ನನ್ನ ಕಡೆ ನೋಡಿದರು. ಬೇಕಾದರೆ ನೋಡಿ ಎಂದು ಎದೆ ಸೆಟೆಸಿಕೊಂಡೇ ಒಳಗೆ ಹೋದೆ, ಬಾಗಿಲು ಹಾಕಿಕೊಂಡೆ.

ಅವನು ತಳ್ಳಿದ. ಬಾಗಿಲು ಅಲ್ಲಾಡಲಿಲ್ಲ.

ಇನ್ನೊಮ್ಮೆ ತಳ್ಳಿದ. ಭುಜ ಕೊಟ್ಟು ತಳ್ಳಿದ ಸದ್ದು ಕೇಳಿಸಿತು. ನಾನು ಒಳಗೆ ನಿಂತು ಆ ಹಲಗೆಯನ್ನೇ ನೋಡುತ್ತಿದ್ದೆ. ನಿಜವಾಗಿಯೂ ಅದು ಉಬ್ಬಿತ್ತು. ನನ್ನ ಕಣ್ಣೆದುರಿಗೇ ಚೌಕಟ್ಟಿನೊಳಗೆ ದಪ್ಪಗಾಗಿ ತುಂಬಿಕೊಂಡಿತ್ತು. ಆಗ ನೆನಪಾಯಿತು, ಜ್ವರ ಬಿಟ್ಟ ಮೇಲಿನ ಆ ಮೊದಲ ಮಂಗಳವಾರ ಅವನು ನನಗಿಂತ ಮುಂಚೆ ಒಳಗೆ ಬಂದು ಕೂತಿದ್ದ. ನಾನು ಮೊದಲು ಬಂದಿದ್ದರೆ ಅವತ್ತೇ ಬಿಗಿಯುತ್ತಿತ್ತು. ಖಾದರ್‌ನ ನೋವಿಗೂ ಇದಕ್ಕೂ ಸಂಬಂಧವೇ ಇಲ್ಲ. ಥೂ ನನ್ನ ಜನ್ಮಕ್ಕಿಷ್ಟು! ಹೊಟ್ಟೆಕಿಚ್ಚು.

ಬರೀ ಹೊಟ್ಟೆಕಿಚ್ಚೂ ಅಲ್ಲ. ಅವನ ಹೆಸರು ಇನ್ನು ಅವನೇ ಹೇಳಿಕೊಳ್ಳುತ್ತಾನೆ. ನನ್ನ ಹೆಸರು ಮಾತ್ರ ನನ್ನ ಬಾಯಲ್ಲಿ ಸಿಕ್ಕಿಕೊಂಡೇ ಇರುತ್ತದೆ. ಇಬ್ಬರೂ ಒಟ್ಟಿಗೆ ಮುಳುಗಿದ್ದ ಬಾವಿಯಿಂದ ಅವನೊಬ್ಬ ಎದ್ದು ಹೋದ, ನನ್ನನ್ನು ಕೇಳದೆ. ಅವನ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡು ಅವನು ಬೇಡವಾಗುವುದು ಹೇಗೆ ಸಾಧ್ಯ? ಸಾಧ್ಯ ಅಂತ ಹಲಗೆ ಹೇಳುತ್ತಿತ್ತು.

ಕೊನೆಗೆ ತಿಮ್ಮ ಮೆಲ್ಲಗೆ, "ಬಿಡೋ ಬೊಮ್ಮ. ಹಲಗೆ ಉಬ್ಬಿದೆ" ಅಂದ. ನನ್ನ ಮರ್ಯಾದೆ ಉಳಿಸಲು ಅಂದ. ಅದು ನನಗೆ ತಡೆಯಲಾಗಲಿಲ್ಲ. ಓಡಿಹೋಗಿ ಚೊಂಬು ಎತ್ತಿಕೊಂಡೆ. ಸಿಮೆಂಟಿನ ನೆಲದ ಮೇಲೆ ಅದು ಗರ್ ಎಂದು ಸದ್ದು ಮಾಡಿತು. ಇಪ್ಪತ್ತೆರಡು ವರ್ಷ ಕೇಳಿದ ಸದ್ದು. ಹೊರಗೆ ಏನೋ ಹೇಳಹೊರಟಿದ್ದ ತಿಮ್ಮ ಅಲ್ಲಿಗೇ ನಿಲ್ಲಿಸಿದ.

"ಬ..." ಅಂದೆ. "ಬ... ಬ..."

ಹೇಳಬೇಕೆಂದುಕೊಂಡಿದ್ದು 'ಬಾ'. ಅಂತಲೇ ನನ್ನ ಎಣಿಕೆ. ಆದರೆ 'ಬ' ತುಟಿಗೆ ಅಂಟಿದ ಮೇಲೆ, ಅದರ ಹಿಂದೆ ನಿಂತಿರುವುದು 'ಬಾ'ನೋ 'ಬೇಡ'ವೋ ನನಗೇ ಗೊತ್ತಾಗಲಿಲ್ಲ. ಎರಡೂ ಒಂದೇ ಬಾಗಿಲಲ್ಲಿ ನೂಕಾಡುತ್ತಿದ್ದವು. ಬೆವರು ಬಂತು. ಗಾಣದ ಎತ್ತಿನ ಗಂಟೆ ಸುತ್ತಿ ಸುತ್ತಿ ಕೇಳುತ್ತಿತ್ತು. ಹೊರಗೆ ನಿಂತವನಿಗೆ ಆ ಪದ ನಾಲಿಗೆಯ ತುದಿಯಲ್ಲೇ ಇತ್ತು. ಬಾ ಅಂತ ತಾನೆ, ಬಂದೆ, ಅಂದುಬಿಡಬಹುದಿತ್ತು. ಬೇಡ ಅಂತ ತಾನೆ, ಹೋಗ್ತೀನಿ, ಅನ್ನಬಹುದಿತ್ತು. ಯಾವುದನ್ನು ಅಂದಿದ್ದರೂ ನಾನು ತಲೆಯಾಡಿಸಿಬಿಡುತ್ತಿದ್ದೆ, ಬೆಲ್ಲ ಕಟ್ಟಿಸಿಕೊಂಡ ಹಾಗೆ. ಅವನು ಏನೂ ಅನ್ನಲಿಲ್ಲ. ಕಾದ. ಬಾಗಿಲಿಗೆ ಒರಗಿ ನಿಂತಿದ್ದ ಅವನ ಉಸಿರಾಟ ನನಗೆ ಕೇಳುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ "ಬಾ" ಬಂತು.

ಅವನು ತಳ್ಳಿದ. ಬಾಗಿಲು ಒಂದು ಗೇಣು ತೆರೆದು ನಿಂತಿತು. ನಮ್ಮೂರಲ್ಲಿ ಹಾಗೆ ಆಗಿದ್ದನ್ನು ಯಾರೂ ಕಂಡಿಲ್ಲ. ತೆರೆದರೆ ಪೂರ್ತಿ, ಇಲ್ಲವಾದರೆ ಇಲ್ಲ. ಒಳಗಿನಿಂದ ನಾನು ಎಳೆದೆ, ಹೊರಗಿನಿಂದ ಖಾದರ್ ಒದ್ದ, ಗೇಣಿನ ಮೇಲೆ ಒಂದು ಬೆರಳೂ ಹೆಚ್ಚಾಗಲಿಲ್ಲ. ನನಗೆ ನಾಚಿಕೆಯಿಂದ ಸಾಯುವಂತಾಯಿತು. ತಿಮ್ಮ ಆ ಸಂದಿಯನ್ನು ಮೇಲಿಂದ ಕೆಳಗೆ ಕಣ್ಣಲ್ಲೇ ಅಳೆದ, ದರ್ಜಿಯಲ್ಲವೇ. "ಸಾಕು ಬಿಡು" ಅಂದ. ಹೊಟ್ಟೆ ಒಳಗೆಳೆದುಕೊಂಡು ಓರೆಯಾಗಿ ನುಗ್ಗಿದ. ಅಂಗಿಯ ಗುಂಡಿಯೊಂದು ಚೌಕಟ್ಟಿಗೆ ಸಿಕ್ಕಿ ಕಿತ್ತು ನನ್ನ ಕಾಲ ಬಳಿ ಬಿತ್ತು.

ಈಗಲೂ ಹಾಗೇ ನಡೆದಿದೆ. ನಾನು ಒಳಗಿದ್ದರೆ ಬಾಗಿಲು ಅವನಿಗೆ ಒಂದು ಗೇಣು. ಅಚ್ಚಮ್ಮ ಪ್ರತಿ ಮಂಗಳವಾರ ಸ್ಕೇಲಿನಲ್ಲಿ ಅಳೆದು, ಹೋದ ತಿಂಗಳಿಗಿಂತ ಜಾಸ್ತಿಯಾಗಿದೆ ಅನ್ನುತ್ತಾರೆ, ನನಗೇನೂ ಹಾಗೆ ಕಾಣುವುದಿಲ್ಲ. ಬಿಳಿ ಬಣ್ಣ ಬಳಿದ ಆ ಬೋರ್ಡಿನ ಮೇಲೆ ಈಗ ಚಹಾ ಲೋಟ ಇಡುತ್ತೇವೆ. ತಿಮ್ಮ ವಾರವಾರವೂ ಓರೆಯಾಗಿ ಬರುತ್ತಾನೆ, ವಾರವಾರವೂ ಅದೇ ಒಂದು ಗುಂಡಿ ಕಿತ್ತುಬರುತ್ತದೆ. ಖಾದರ್ ಚೊಂಬು ಎತ್ತಿಕೊಂಡ ಕೂಡಲೇ ಅವನು ಸೂಜಿ ದಾರ ತೆಗೆದು, ಆ ಗುಂಡಿಯನ್ನು ತುಟಿಗಳ ನಡುವೆ ಕಚ್ಚಿಕೊಂಡು ಕೂರುತ್ತಾನೆ. ಖಾದರ್ ಮುಗಿಸಿ ಚೊಂಬು ಕೆಳಗಿಡುವವರೆಗೆ ಅದು ಅಲ್ಲಿಂದ ಹೊರಗೆ ಬರುವುದಿಲ್ಲ.

ಒಮ್ಮೆ ಅವನ ಅಂಗಿಯನ್ನು ಹತ್ತಿರದಿಂದ ನೋಡಿದೆ. ಊರಿನ ಒಳ್ಳೆಯ ದರ್ಜಿ ಅವನು. ಉಳಿದ ಗುಂಡಿಗಳೆಲ್ಲ ಗಟ್ಟಿಯಾಗಿವೆ. ಆ ಒಂದನ್ನು ಮಾತ್ರ ಪ್ರತಿ ವಾರ ಒಂದೇ ಎಳೆಯಲ್ಲಿ, ಸಡಿಲವಾಗಿ ಹೊಲಿಯುತ್ತಾನೆ.